ಮೂವತ್ಮೂರು ಗುರಾಣಿಗಳಿಗೆ ಕುಂಕುಮ

ಕೆಫೀನ್ ತೆಗೆದ ಕಾಫಿಯನ್ನು ಕಾಫಿ ಎಂದು ಕರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕುಡಿದ ಮೇಲೂ ತಲೆನೋವು ಹೋಗದಿದ್ದರೆ ಅದೆಂಥ ಕಾಫಿ? ಉಪ್ಪು ತೆಗೆದ ಉಪ್ಪಿನಕಾಯಿ ಮಾರಿದರೆ ಜನ ಸುಮ್ಮನಿರುತ್ತಾರೆಯೇ? ಅಂಥ ನನ್ನ ಮನೆಯಲ್ಲಿ ಈಗ ಮಂಚದ ಕೆಳಗೆ, ಮೆಟ್ಟಿಲಿನ ಅಡಿಯ ಗೂಡಿನಲ್ಲಿ, ಹಬ್ಬಕ್ಕೆಂದು ಎತ್ತಿಟ್ಟ ಕೊಳಗದ ಒಳಗೆ ಕೂಡ ಲಾರ್ಡ್ ಟಾಫ್ಟನ್ ಡೀಕ್ಯಾಫ್ ಕಾಫಿಯ ಸೀಸೆಗಳಿವೆ. ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು, ರೇನರ್ಸ್ ಲೇನ್ ಸ್ಟೇಷನ್ನಿನಿಂದ ಏಳೇ ನಿಮಿಷದ ದಾರಿ. ಚೀಲ ಮಾತ್ರ ನೀವೇ ತರಬೇಕು.

ಇದನ್ನು ಮನೆಗೆ ತಂದವರು ನಮ್ಮನೆಯವರು. ಕುಂದಾಪುರದ ಕಡೆಯವರು. ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ತನಕ ದೇವರ ಜೊತೆಗೂ ಮಾತಾಡದ ಮನುಷ್ಯ. ಅಂಥವರು ಫೆಬ್ರವರಿಯ ಒಂದು ಶನಿವಾರ ಎರಡು ಸೀಸೆ ಡೀಕ್ಯಾಫ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಾಗ ನಾನು ಸೌಟು ಕೆಳಗಿಟ್ಟು ಹತ್ತಿರ ಬಂದೆ.

"ಏನ್ರೀ, ಜಿಪಿ ಡಾಕ್ಟ್ರ ಹತ್ರ ಹೋಗಿದ್ರಾ? ಬಿಪಿ ಏನಾದ್ರೂ ಜಾಸ್ತಿ ಅಂದ್ರಾ?"

"ಎಂತ ಬಿಪಿಯೂ ಇಲ್ಲೆ ಮಾರಾಯ್ತಿ. ಈ ಮುಚ್ಚಳ ಕಾಣ್."

ಮುಚ್ಚಳದ ಒಳಗೆ ಒಂದು ಪುಟ್ಟ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಒಂದು ಸ್ಟಾಂಪು. ಅಂಚೆಗೆ ಹಚ್ಚುವಂಥದ್ದಲ್ಲ, ಬರೀ ಚಿತ್ರ. ನಡುವೆ ಒಂದು ಗುರಾಣಿ, ಅದರ ಮೇಲೆ ಸಿಂಹವೋ ಕತ್ತಿಯೋ ಕಿರೀಟವೋ, ಆಚೀಚೆ ಅದನ್ನು ಎತ್ತಿ ಹಿಡಿದು ನಿಂತ ಎರಡು ಪ್ರಾಣಿ, ಕೆಳಗೆ ರಿಬ್ಬನ್ನಿನ ಮೇಲೆ ಯಾರಿಗೂ ಅರ್ಥವಾಗದ ಒಂದು ಮಾತು. ಲಂಡನ್ನಿನ ಮೂವತ್ತೆರಡು ಬರೋಗಳಿಗೂ, ಅಂದರೆ ಆಡಳಿತ ವಿಭಾಗಗಳಿಗೂ, ಇಂಥದ್ದೊಂದು ಲಾಂಛನ ಇದೆಯಂತೆ, ಜೊತೆಗೆ ಸಿಟಿ ಆಫ್ ಲಂಡನ್ನಿನದು, ಒಟ್ಟು ಮೂವತ್ಮೂರು. ಅಂಟಿಸಿಕೊಳ್ಳಲು ಕಂಪನಿಯವರೇ ಒಂದು ಆಲ್ಬಮ್ ಕೊಡುತ್ತಾರೆ. ಗಂಡಭೇರುಂಡವನ್ನು ನೋಡುತ್ತ ಮೈಸೂರಿನಲ್ಲಿ ಬೆಳೆದ ನನಗೆ ಈ ಸಿಂಹಗಳೆಲ್ಲ ಹಾಲು ಕೇಳಲು ಬಂದ ಬೆಕ್ಕುಗಳಂತೆ ಕಂಡವು. ಹಾಗೆಂದು ಹೇಳಿಯೂ ಹೇಳಿದೆ.

"ಕಡೇ ಪುಟ ಕಾಣ್," ಅಂದರು.

ಕಡೆಯ ಪುಟದಲ್ಲಿ ಮೂವತ್ತನಾಲ್ಕನೆಯ ಜಾಗ ಖಾಲಿ ಇತ್ತು. ಆಲ್ಬಮ್ಮನ್ನು ಪೂರ್ತಿ ತುಂಬಿಸಿ, ಕಲೆ ಕೊಳೆ ಇಲ್ಲದೆ ಅಕ್ಟೋಬರಿನೊಳಗೆ ಕಳಿಸಿದವರಲ್ಲಿ ಒಬ್ಬರನ್ನು ಆರಿಸುತ್ತಾರೆ. ಆರಿಸಿದವರಿಗೆ ಅವರದೇ ಮನೆತನದ ಒಂದು ಹೊಸ ಲಾಂಛನ ಬರೆಸಿ, ಕೆಳಗಿನ ರಿಬ್ಬನ್ನಿನಲ್ಲಿ ಅವರ ಪೂರ್ತಿ ಹೆಸರು ಬರೆದು, ಮುಂದಿನ ವರ್ಷ ದೇಶದ ಎಲ್ಲಾ ಸೀಸೆಗಳ ಮುಚ್ಚಳದಲ್ಲಿ ಅದನ್ನೇ ಮೂವತ್ತನಾಲ್ಕನೆಯ ಸ್ಟಾಂಪಾಗಿ ಹಾಕುತ್ತಾರೆ.

"ಪೂರ್ತಿ ಹೆಸ್ರು," ಎಂದು ಬೆರಳಿಟ್ಟು ತೋರಿಸಿದರು. "ಅರ್ಧ ಅಲ್ಲ. ಪೂರ್ತಿ."

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮನೆಯವರು ಫೆಲ್ಥಮ್ಮಿನಲ್ಲಿ ವಿಮಾನದ ಊಟ ತಯಾರಿಸುವ ಅಡುಗೆಮನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಸೇರಿದ ಮೊದಲ ದಿನ ಸೂಪರ್‌ವೈಸರ್ ಇವರ ಪಾಸ್‌ಪೋರ್ಟ್ ನೋಡಿದ, ಬ್ಯಾಡ್ಜ್ ಒತ್ತುವ ಯಂತ್ರ ನೋಡಿದ, "ಇಷ್ಟೊಂದು ಅಕ್ಷರ ಹಿಡಿಸುವುದಿಲ್ಲ" ಎಂದು ಹೇಳಿ ಆ್ಯಂಡಿ ಎಂದು ಒತ್ತಿ ಕೊಟ್ಟ. ಅಂದಿನಿಂದ ಇವರು ಆ್ಯಂಡಿ. ಕನ್ನಡ ಸಂಘದಲ್ಲಿ ಉಡುಪ್ರು. ಮಗಳಿಗೆ ಅಪ್ಪ. ಆನಂದತೀರ್ಥ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿ, ಕೌನ್ಸಿಲ್ಲಿನಿಂದ ಬರುವ ಲಕೋಟೆಗಳ ಮೇಲೆ ಮಾತ್ರ ಉಳಿದಿತ್ತು. ಇವರು ಯಾವತ್ತೂ ದೂರಿದವರಲ್ಲ. ಆದರೆ ಆವತ್ತು ಆ ಖಾಲಿ ಜಾಗದ ಮೇಲೆ ಬೆರಳಿಟ್ಟವರು ಬೇಗ ತೆಗೆಯಲಿಲ್ಲ.

ನಾನು ಏನಾದರೂ ಒಳ್ಳೆಯ ಮಾತು ಆಡಬಹುದಿತ್ತು. "ಇದನ್ನ ಕುಡಿಯೋರು ಯಾರು?" ಎಂದು ಕೇಳಿದೆ.

ಯಾರೂ ಕುಡಿಯಲಿಲ್ಲ. ಒಂದು ಸೀಸೆಗೆ ಒಂದೇ ಸ್ಟಾಂಪು, ಒಳಗೆ ಯಾವುದಿದೆಯೋ ಕಂಪನಿಯ ಅಜ್ಜನಿಗೂ ಗೊತ್ತಿಲ್ಲ. ಏಪ್ರಿಲ್ ಹೊತ್ತಿಗೆ ನಮ್ಮಲ್ಲಿ ಕ್ರಾಯ್ಡನ್ ಎಂಬ ಒಂದೇ ಬರೋದ ಸ್ಟಾಂಪು ಹತ್ತೊಂಬತ್ತು ಇದ್ದವು. ಹತ್ತೊಂಬತ್ತು ಸೀಸೆ ಕಾಫಿಪುಡಿಯನ್ನು ಗೃಹಸ್ಥರು ಏನು ಮಾಡಬೇಕು? ಗುಲಾಬಿ ಗಿಡಕ್ಕೆ ಹಾಕಿದೆ, ಗಿಡ ಸೊರಗಿತು. ಫ್ರಿಜ್ಜಿನಲ್ಲಿ ವಾಸನೆ ಹೋಗಲೆಂದು ಇಟ್ಟೆ, ಮೊಸರಿಗೆ ಆ ವಾಸನೆ ಹತ್ತಿತು. ಕೊನೆಗೆ ಮಾಡಬಾರದ ಒಂದು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಶನಿವಾರದ ಭಜನೆಗೆ ಬಂದವರಿಗೆಲ್ಲ ಯಾರಿಗೂ ಹೇಳದೆ ಡೀಕ್ಯಾಫ್ ಕೊಟ್ಟೆ. ಬೆಳಿಗ್ಗೆಯಿಂದ ನನ್ನ ಮನೆಯ ಕಾಫಿಯನ್ನೇ ನಂಬಿಕೊಂಡು ಬಂದ ಇಪ್ಪತ್ತೆರಡು ಜನ, ಮೂರನೆಯ ಭಜನೆಯ ಪಲ್ಲವಿಗೆ ಬರುವಷ್ಟರಲ್ಲಿ ಸಾಲಾಗಿ ತೂಕಡಿಸಿದರು. ಹಾರ್ಮೋನಿಯಂ ನುಡಿಸುತ್ತಿದ್ದ ವಾಸುಮಾವ ಒಂದೇ ಸ್ವರದ ಮೇಲೆ ಕೈಯಿಟ್ಟು ನಿದ್ದೆ ಹೋದರು, ತಿದಿಯ ಕೈ ಮಾತ್ರ ಅಭ್ಯಾಸಬಲದಿಂದ ಆಡುತ್ತಲೇ ಇತ್ತು. ಆ ಸ್ವರ ಮಂಗಳಾರತಿಯ ತನಕ ಹಾಗೇ ಕೂಗುತ್ತಿತ್ತು.

ಮಗಳು ಸಮೀಕ್ಷಾ ಯೂನಿವರ್ಸಿಟಿಯಿಂದ ಬಂದವಳು ಅಪ್ಪನ ಅವಸ್ಥೆ ನೋಡಿ, "ಅಪ್ಪಾ, ದಿಸ್ ಈಸ್ ನಾಟ್ ನಾರ್ಮಲ್," ಅಂದಳು. ಅವಳಿಗೆ ಕನ್ನಡ ಎಲ್ಲಾ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್.

"ನಾರ್ಮಲ್ ಆಯಿ ಇದ್ದದ್ದ್ ಸಾಕ್ ಮಗಾ," ಅಂದರು ಇವರು.

ಆಗಸ್ಟಿನಲ್ಲಿ ಮೂವತ್ತೆರಡು ಸೇರಿದವು. ಸಿಗದೆ ಉಳಿದದ್ದು ಒಂದೇ, ಹ್ಯಾರೋ. ನಾವು ಇರುವುದೇ ಹ್ಯಾರೋ ಬರೋದಲ್ಲಿ! ನಮ್ಮ ಬೀದಿಯ ಕಸದ ತೊಟ್ಟಿಯ ಮೇಲೆ ಹ್ಯಾರೋ ಎಂದಿದೆ, ಲೈಬ್ರರಿ ಕಾರ್ಡಿನ ಮೇಲೆ ಇದೆ, ಪಾರ್ಕಿಂಗ್ ದಂಡದ ಚೀಟಿಯ ಮೇಲಂತೂ ಢಾಳಾಗಿ ಇದೆ. ಸೀಸೆಯ ಮುಚ್ಚಳದಲ್ಲಿ ಮಾತ್ರ ಇಲ್ಲ. ಇವರು ಊಟ ಬಿಟ್ಟವರಂತೆ ಕೂತರು.

ಆಗ ತಿಳಿದು ಬಂದದ್ದು, ಎಜ್‌ವೇರಿನಲ್ಲಿರುವ ನಮ್ಮ ಕನ್ನಡ ಸಂಘದ ವಿಶಾಲಾಕ್ಷಿಯ ಹತ್ತಿರ ಎರಡು ಹ್ಯಾರೋ ಇವೆ ಎಂದು. ಅವಳ ಗಂಡ ಲೋಕೇಶ ಬೆಂಗಳೂರಿನ ಐಟಿಯವನು, ಯಾರ ಹತ್ತಿರ ಯಾವ ಸ್ಟಾಂಪು ಇದೆ ಎಂದು ಅರ್ಧ ಲಂಡನ್ನಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದ. ಫೋನ್ ಮಾಡಿದೆ.

"ಕೊಡ್ತೀನಿ ವಿಜಯಾ ಆಂಟಿ, ನಿಮ್ಗಿಲ್ಲ ಅಂತೀನಾ?" ಅಂದಳು ವಿಶಾಲಾಕ್ಷಿ. "ನಮ್ಗೆ ಇನ್ನೂ ಒಂಬತ್ತು ಸಿಕ್ಕಿಲ್ಲ, ಇವ್ರಿಗೂ ಸಾಕಾಗೋಗಿದೆ. ನೀವು ಆ ನಿಮ್ಮ ಸಾರಿನಪುಡಿ ಹೇಗೆ ಮಾಡೋದು ಅಂತ ಹೇಳಿಬಿಡಿ, ಅಷ್ಟೇ."

ಹನ್ನೊಂದು ವರ್ಷದಿಂದ ಅವಳು ಅದನ್ನು ಕೇಳುತ್ತಿದ್ದಳು, ಹನ್ನೊಂದು ವರ್ಷದಿಂದ ನಾನು ಮಾತು ಮರೆಸುತ್ತಿದ್ದೆ. ಅದು ನಮ್ಮಮ್ಮನ ಪುಡಿ. ಇವರ ಮುಖ ನೋಡಿದೆ. ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ, ಒಂದು ಸಾಮಾನು ಬಿಟ್ಟು. ಅಷ್ಟನ್ನೂ ಬಿಡದವಳು ಮೈಸೂರಿನಲ್ಲಿ ಹುಟ್ಟಿದ್ದೇ ದಂಡ.

ಆಲ್ಬಮ್ ತುಂಬಿತು. ಇವರು ಅದನ್ನು ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತಿದ್ದರು. ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಕಲೆ ಕೊಳೆ ಇರಕೂಡದು ಎಂಬ ನಿಯಮವನ್ನು ದಿನಕ್ಕೆರಡು ಸಲ ಓದಿ ಹೇಳುತ್ತಿದ್ದರು. ಅಕ್ಟೋಬರಿನ ಮೊದಲ ವಾರ ಕಳಿಸುವುದು ಎಂದು ತೀರ್ಮಾನವಾಯಿತು, ದಪ್ಪ ರಟ್ಟಿನ ಲಕೋಟೆ ತಂದಿಟ್ಟರು. ಕಳಿಸುವ ದಿನದ ಹಿಂದಿನ ದಿನ ಆಯುಧಪೂಜೆ.

ನಮ್ಮ ಮನೆಯಲ್ಲಿ ಆಯುಧಪೂಜೆ ನನ್ನ ಇಲಾಖೆ. ಇವರ ಕಡೆಯವರು ಒಂದೆರಡು ಸಾಮಾನಿಗೆ ಬೊಟ್ಟಿಟ್ಟು, ಹೂವು ಏರಿಸಿ ಮುಗಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಆವತ್ತು ಇವರು ಬೆಳಗಿನ ಶಿಫ್ಟಿಗೆ ಹೋದ ಮೇಲೆ ಸ್ನಾನ ಮಾಡಿ ಶುರು ಮಾಡಿದೆ. ಈಳಿಗೆಮಣೆ, ಮಿಕ್ಸಿ, ಕಸ ಎಳೆಯುವ ಹೂವರ್, ವಾಷಿಂಗ್ ಮೆಷಿನ್, ಇಸ್ತ್ರಿಪೆಟ್ಟಿಗೆ, ಇಂಟರ್‌ನೆಟ್ಟಿನ ರೂಟರ್, ಸಮೀಕ್ಷಾಳ ಲ್ಯಾಪ್‌ಟಾಪ್, ಇವರ ಕೆಲಸದ ಬೂಟು, ಹೊರಗೆ ನಿಂತ ಕಾರು. ಎಲ್ಲಕ್ಕೂ ಅರಿಸಿನದ ಬೊಟ್ಟು, ಅದರ ಮೇಲೆ ಕುಂಕುಮ, ಒಂದೊಂದು ಚೆಂಡುಹೂವು. ಎಲ್ಲ ಮುಗಿಸಿ ಕೈಯಲ್ಲಿ ಅರಿಸಿನ ಕುಂಕುಮದ ಬಟ್ಟಲು ಹಿಡಿದು ನಿಂತಾಗ ಮೇಜಿನ ಮೇಲೆ ಆಲ್ಬಮ್ ಕಾಣಿಸಿತು.

ಎಂಟು ತಿಂಗಳು ಅದನ್ನು ಬೈದಿದ್ದೆ. ಈ ಮನುಷ್ಯ ಮದುವೆಯಾದಾಗಿನಿಂದ ತನಗೆಂದು ಏನನ್ನೂ ಕೇಳಿದವರಲ್ಲ, ಕೇಳಿದ್ದು ಇದೊಂದು, ಅದಕ್ಕೂ ನಾನು ಮುಖ ಸಿಂಡರಿಸಿದೆನಲ್ಲ ಎಂದು ಸಂಕಟವಾಯಿತು. ತೆರೆದು ನೋಡಿದೆ. ಪುಟ ಪುಟದಲ್ಲೂ ಕತ್ತಿಗಳು. ಸಿಟಿ ಆಫ್ ಲಂಡನ್ನಿನ ಬಿಳಿ ಗುರಾಣಿಯ ಮೂಲೆಯಲ್ಲಿ ಕೆಂಪು ಕತ್ತಿಯೊಂದು ಚೂಪಾಗಿ ನಿಂತಿತ್ತು. ಗುರಾಣಿಗಳಂತೂ ಮೂವತ್ಮೂರಕ್ಕೆ ಮೂವತ್ಮೂರು. ಇದಕ್ಕಿಂತ ಆಯುಧ ಬೇಕೇ? ವರ್ಷವೆಲ್ಲ ಬದನೆಕಾಯಿ ಹೆಚ್ಚಿದ ಈಳಿಗೆಮಣೆಗೆ ಪೂಜೆ ಮಾಡಿ, ಮನೆಯಲ್ಲೇ ಇರುವ ಕತ್ತಿ ಗುರಾಣಿಗಳನ್ನು ಬಿಟ್ಟರೆ ಚಾಮುಂಡಿ ನನ್ನನ್ನು ಏನೆಂದುಕೊಂಡಾಳು? ಪೂಜೆಯಾಗದ ಆಯುಧ ಗೆಲ್ಲುವುದಾದರೂ ಹೇಗೆ?

ಉಂಗುರದ ಬೆರಳನ್ನು ಅದ್ದಿ, ಒಂದೊಂದು ಗುರಾಣಿಯ ನಡುಮಧ್ಯಕ್ಕೆ ಅರಿಸಿನದ ಬೊಟ್ಟಿಟ್ಟೆ. ಅದರ ಮೇಲೆ ಕುಂಕುಮ. ಒಂದನ್ನೂ ಬಿಡಲಿಲ್ಲ. ಕ್ರಾಯ್ಡನ್ನಿನ ಮೇಲೆ ನನಗಿದ್ದ ಸಿಟ್ಟನ್ನು ನುಂಗಿಕೊಂಡು ಅದಕ್ಕೂ ಇಟ್ಟೆ. ಅಕ್ಷತೆ ಹಾಕಿ, "ತಾಯೀ, ಇವರ ಹೆಸರು ಬರಲಿ," ಎಂದು ಕೈಮುಗಿದು, ಪುಟಗಳ ನಡುವೆ ಹೂವಿನ ಎಸಳಿಟ್ಟು ಆಲ್ಬಮ್ ಮುಚ್ಚಿದೆ. ನಿಯಮ ನನಗೆ ನೆನಪಿರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ನೆನಪಿತ್ತು. ಕಲೆ ಕೊಳೆ ಇರಬಾರದು ಅಂತ ತಾನೇ ಇದ್ದದ್ದು? ಕುಂಕುಮಕ್ಕೂ ಆ ಮಾತಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಇವರು ಬಂದು, ಕೈ ತೊಳೆದು, ಒರೆಸಿಕೊಂಡು, ಆಲ್ಬಮ್ ತೆರೆದರು. ಮುಚ್ಚಿಟ್ಟಿದ್ದರಿಂದ ಅರಿಸಿನ ಎದುರಿನ ಪುಟಕ್ಕೂ ಇಳಿದಿತ್ತು. ಚೆಂಡುಹೂವಿನ ಎಸಳು ನೆಲಕ್ಕೆ ಬಿತ್ತು. ಇವರು ಆಲ್ಬಮ್ ಮುಚ್ಚಿಟ್ಟು ಹೋಗಿ ಮೆಟ್ಟಿಲಿನ ಮೇಲೆ ಕೂತರು.

ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು.

"ಬೈದ್ಬಿಡ್ರೀ," ಅಂದೆ. "ಹೀಗೆ ಕೂತ್ಕೋಬೇಡಿ. ಬೈದ್ಬಿಡಿ."

"ಎಂತಕ್ಕೆ ಬೈಯುದ್? ಪೂಜೆ ಅಲ್ದಾ ಮಾಡಿದ್ದ್, ಕಳ್ತನ ಅಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸಮೀಕ್ಷಾ ರಬ್ಬರ್, ಹತ್ತಿ, ಹೇರ್ ಡ್ರೈಯರ್ ಎಲ್ಲ ತಂದು ಪ್ರಯತ್ನಪಟ್ಟಳು. ಅರಿಸಿನ ಎಂದರೆ ಗೊತ್ತಲ್ಲ, ಹೋಗಲಿ ಎಂದಷ್ಟೂ ಹರಡುತ್ತದೆ. ಸಿಟಿ ಆಫ್ ಲಂಡನ್ನಿನ ಎರಡು ಡ್ರ್ಯಾಗನ್ನುಗಳಿಗೂ ಮದುವೆಯ ಮುಖಕಳೆ ಬಂತು. ಅವಳು ಕೈಚೆಲ್ಲಿದಳು. ಮರುದಿನ ಇವರು ಆಲ್ಬಮ್ಮನ್ನು ಹಾಗೇ ಲಕೋಟೆಗೆ ಹಾಕಿ ಕಳಿಸಿಬಿಟ್ಟರು. ತುಂಬಿಸಿದ್ದಂತೂ ನಿಜ, ಅವರೂ ಒಮ್ಮೆ ನೋಡಲಿ ಅಂದರು.

ಮೂರು ವಾರಕ್ಕೆ ಉತ್ತರ ಬಂತು. ದಪ್ಪ ಕಾಗದದ ಮೇಲೆ ನಾಲ್ಕು ಪುಟ. ಬರೆದವರು ಕಂಪನಿ ನೇಮಿಸಿಕೊಂಡ ಲಾಂಛನ ಪರೀಕ್ಷಕರು, ಮಿಸ್ಟರ್ ಕ್ರಾಂಪ್ಟನ್. ಸಮೀಕ್ಷಾ ಓದುತ್ತ ಹೋದಂತೆ ಅವಳ ಹುಬ್ಬು ಮೇಲೇರುತ್ತ ಹೋಯಿತು.

ಅದರ ಸಾರಾಂಶ ಇಷ್ಟು. ಲಾಂಛನಶಾಸ್ತ್ರದಲ್ಲಿ ಮನೆಯ ಕಿರಿಯ ಮಗನಾದವನು ಹಿರಿಯರ ಲಾಂಛನವನ್ನು ಬಳಸುವಾಗ, ತಾನು ಕಿರಿಯವನು ಎಂದು ತೋರಿಸಲು ಅದರ ಮೇಲೊಂದು ಸಣ್ಣ ಗುರುತು ಹಾಕಿಕೊಳ್ಳುತ್ತಾನೆ. ತಾವು ಬಂಗಾರದ ಬಣ್ಣದ ವೃತ್ತದ ಮೇಲೆ ಕೆಂಪು ವೃತ್ತವನ್ನು ಮೂವತ್ಮೂರು ಲಾಂಛನಗಳ ಮೇಲೂ ಒಂದೇ ಜಾಗದಲ್ಲಿ ಇಟ್ಟಿದ್ದೀರಿ. ಅಂದರೆ ತಾವು ಬಾರ್ನೆಟ್ಟಿನಿಂದ ಬ್ರಾಮ್ಲಿಯ ತನಕ ಇಡೀ ಲಂಡನ್ನಿನ ಕಿರಿಯ ಮಗ ಎಂದು ಹಕ್ಕು ಸಾಧಿಸುತ್ತಿದ್ದೀರಾ? ಹೌದಾದರೆ ಯಾವ ಆಧಾರದ ಮೇಲೆ? ಅಲ್ಲವಾದರೆ ಈ ಗುರುತು ಏನು? ಗುರುವಾರ ಹನ್ನೊಂದು ಗಂಟೆಗೆ ಖುದ್ದಾಗಿ ಬಂದು ವಿಚಾರಿಸುತ್ತೇನೆ.

ಸಮೀಕ್ಷಾ ನಗು ತಡೆಯಲಾರದೆ ಸೋಫಾದ ಮೇಲೆ ಬಿದ್ದಳು. ಇವರು ನಗಲಿಲ್ಲ.

"ನಾನ್ ಮನಿಗೆ ಹಿರಿಮಗ," ಅಂದರು ಗಾಬರಿಯಲ್ಲಿ. "ಕಿರಿಮಗ ಅಂದ್ ಬರ್ಕೊಂಡ್ರೆ ತಪ್ಪು ಮಾಹಿತಿ ಕೊಟ್ಟ ಹಾಂಗ್ ಆತಿಲ್ಯಾ? ಪಾಸ್‌ಪೋರ್ಟಿಗೆ ತೊಂದ್ರೆ ಬಂದ್ರೆ?"

ಗುರುವಾರ ಸರಿಯಾಗಿ ಹನ್ನೊಂದಕ್ಕೆ ಮಿಸ್ಟರ್ ಕ್ರಾಂಪ್ಟನ್ ಬಂದರು. ಎಪ್ಪತ್ತು ದಾಟಿದ, ಉದ್ದಕ್ಕೆ ತೆಳ್ಳಗಿರುವ ಮನುಷ್ಯ. ಬಾಗಿಲಲ್ಲೇ ಶೂ ಬಿಚ್ಚಿದರು, ಅದಕ್ಕೆ ನನಗೆ ಅವರ ಮೇಲೆ ಅರ್ಧ ಗೌರವ ಬಂತು. ಲೋಟದಲ್ಲಿ ನಮ್ಮ ಫಿಲ್ಟರ್ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಕಣ್ಣು ಅಗಲ ಮಾಡಿದರು. ಟಾಫ್ಟನ್ ಕಂಪನಿ ಸೇರಿದ ಮೇಲೆ ಎಂಟು ವರ್ಷದಿಂದ ಕಂಪನಿಯ ಡೀಕ್ಯಾಫನ್ನೇ ಕುಡಿಯುತ್ತಿದ್ದರಂತೆ. ಇನ್ನೊಂದು ಲೋಟ ಸಿಗಬಹುದೇ ಎಂದು ಕೇಳಿದರು.

ಮೇಜಿನ ಮೇಲೆ ನಮ್ಮ ಆಲ್ಬಮ್ ಬಿಡಿಸಿ ವಿಷಯಕ್ಕೆ ಬಂದರು. ಹ್ಯಾರೋದ ಸ್ಟಾಂಪನ್ನು ಕಂಪನಿಯವರು ಮರೆತು ತೀರಾ ಕಡಿಮೆ ಅಚ್ಚು ಹಾಕಿಸಿದ್ದರಂತೆ. ಹೀಗಾಗಿ ಇಡೀ ದೇಶದಿಂದ ಪೂರ್ತಿ ತುಂಬಿ ಬಂದ ಆಲ್ಬಮ್ ಒಂದೇ ಒಂದು, ನಮ್ಮದು. ಇವರು ಕೈಯಲ್ಲಿದ್ದ ಲೋಟವನ್ನು ಆಲ್ಬಮ್ಮಿನಿಂದ ದೂರ ಸರಿಸಿ ಇಟ್ಟರು.

"ಈ ಗುರುತುಗಳು ಅಕಸ್ಮಾತ್ ಆದ ಕಲೆಗಳಾಗಿದ್ದರೆ ತೊಂದರೆಯೇ ಇಲ್ಲ," ಎಂದು ಮಿಸ್ಟರ್ ಕ್ರಾಂಪ್ಟನ್ ಒಂದು ಕಾಗದ ಮುಂದಿಟ್ಟರು. "ಇದು ಕೊಳೆ, ಕೈತಪ್ಪಿ ಆಗಿದೆ ಎಂದು ಇಲ್ಲಿ ಸಹಿ ಹಾಕಿ. ನಾವು ಹೊಸ ಸ್ಟಾಂಪು ಹಾಕಿಕೊಳ್ಳುತ್ತೇವೆ. ಬಹುಮಾನ ನಿಮ್ಮದು."

ಒಂದು ಸಹಿ. ಅಷ್ಟೇ ಬಾಕಿ ಇದ್ದದ್ದು. ನಾನು ಹಿಂದು ಮುಂದು ನೋಡದೆ ಹೇಳಿದೆ, "ಹಾಕ್ರೀ. ನನ್ ಕೈಜಾರಿ ಚೆಲ್ತು ಅಂತ ಬರೀರಿ. ಹಾಕಿ ಅಂದ್ನಲ್ಲ."

ಇವರು ಪೆನ್ನು ತೆಗೆದುಕೊಂಡರು. ಕಾಗದವನ್ನು ಓದಿದರು. ಕೊಳೆ ಎಂಬ ಮಾತಿನ ಮೇಲೆ ಕಣ್ಣು ನಿಂತಿತು. ನನ್ನ ಹಣೆ ನೋಡಿದರು, ಮತ್ತೆ ಕಾಗದ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

"ಕುಂಕುಮಕ್ಕೆ ಕೊಳೆ ಅಂದ್ ಹ್ಯಾಂಗ್ ಸೈನ್ ಹಾಕುದ್ ವಿಜಯಾ," ಅಂದರು ಮೆಲ್ಲಗೆ. ಆಮೇಲೆ ಇಂಗ್ಲಿಷಿನಲ್ಲಿ ಅವರಿಗೆ, ಇದು ಕೊಳೆಯಲ್ಲ ಸರ್, ಬೇಕೆಂದೇ ಇಟ್ಟದ್ದು, ನಾವು ಪ್ರತಿವರ್ಷ ಮನೆಯ ಎಲ್ಲಾ ಸಾಮಾನಿಗೂ ಇಡುತ್ತೇವೆ ಎಂದರು.

"ಎಲ್ಲಕ್ಕೂ?" ಎಂದರು ಮಿಸ್ಟರ್ ಕ್ರಾಂಪ್ಟನ್.

ಅಷ್ಟು ಸಾಕಾಯಿತು. ಎರಡು ಲೋಟ ನಿಜವಾದ ಕಾಫಿ ಕುಡಿದ ಮನುಷ್ಯ, ಭೂತಗನ್ನಡಿ ಹಿಡಿದು ಎದ್ದರು. ಹೂವರಿನ ಹೊಟ್ಟೆಯ ಮೇಲೆ ಬೊಟ್ಟು ಕಂಡರು, ಬರೆದುಕೊಂಡರು. ವಾಷಿಂಗ್ ಮೆಷಿನ್ನಿನ ಮುಂದೆ ಮಂಡಿಯೂರಿದರು. ಮಿಕ್ಸಿ, ರೂಟರ್, ಹೊಸ್ತಿಲು. ಕಾಲುಚೀಲದಲ್ಲೇ ಹೊರಗೆ ಹೋಗಿ ಕಾರಿನ ಬಾನೆಟ್ಟಿನ ಮೇಲಿನ ಬೊಟ್ಟಿಗೆ ಅಳತೆಪಟ್ಟಿ ಹಿಡಿದರು. ಎದುರುಮನೆಯ ಪಂಜಾಬಿ ಅಜ್ಜಿ, ನಮ್ಮ ಕಾರನ್ನು ಬ್ಯಾಂಕಿನವರು ಎತ್ತಿಕೊಂಡು ಹೋಗಲು ಬಂದಿದ್ದಾರೆಂದು ತಿಳಿದು ಕಿಟಕಿಯಿಂದ ನನಗೆ ಸಮಾಧಾನದ ಸನ್ನೆ ಮಾಡಿದಳು.

ಒಳಗೆ ಬಂದವರು ಇವರನ್ನು ಕೇಳಿದರು, "ನಿಮ್ಮ ತಂದೆಯೂ ಇದನ್ನೇ ಬಳಸುತ್ತಿದ್ದರೆ?"

"ಹೌದು. ಸೈಕಲ್ಲಿಗೆ ಇಡ್ತಿದ್ರು."

"ಅವರ ತಂದೆ?"

"ಅಡುಗೆ ಕೆಲಸದವ್ರು. ಅವ್ರ ಸಟ್ಟುಗಕ್ಕೆ, ಹಿಟ್ಟು ಕಡೂ ಕಲ್ಲಿಗೆ."

ಸಮೀಕ್ಷಾ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಮಿಸ್ಟರ್ ಕ್ರಾಂಪ್ಟನ್ ಕುರ್ಚಿಯಲ್ಲಿ ಕೂತು, ಬರೆದುಕೊಂಡದ್ದನ್ನೆಲ್ಲ ಮೊದಲಿನಿಂದ ಓದಿದರು. ಕೊನೆಗೆ ತೀರ್ಪು ಕೊಡುವ ಧ್ವನಿಯಲ್ಲಿ ಹೇಳಿದರು. ಬಂಗಾರದ ಮೇಲೆ ಕೆಂಪು ವೃತ್ತ. ಒಂದೇ ರೂಪ, ಒಂದೇ ಬಣ್ಣ, ಕನಿಷ್ಠ ಮೂರು ತಲೆಮಾರಿನಿಂದ ಮನೆಯ ಸಕಲ ಆಸ್ತಿಯ ಮೇಲೆ ತಪ್ಪದೆ ಬಳಕೆಯಲ್ಲಿದೆ. ಇಂಗ್ಲೆಂಡಿನ ಎಷ್ಟೋ ಲಾರ್ಡುಗಳು ಇಷ್ಟು ಶಿಸ್ತಿನಿಂದ ತಮ್ಮ ಲಾಂಛನವನ್ನು ಬಳಸಿಲ್ಲ. ಆದ್ದರಿಂದ ಈ ಮನೆತನಕ್ಕೆ ಈಗಾಗಲೇ ಲಾಂಛನವಿದೆ. 

"ತುಂಬಾ ಸಂತೋಷ," ಎಂದರು ಇವರು.

"ನನಗೆ ತುಂಬಾ ವಿಷಾದ," ಎಂದರು ಅವರು. ಹದಿನಾಲ್ಕನೆಯ ನಿಯಮದ ಪ್ರಕಾರ ಈ ಬಹುಮಾನ ಲಾಂಛನ ಇಲ್ಲದವರಿಗೆ ಮಾತ್ರ. ಇದ್ದವರು ಅನರ್ಹರು. ಮೂವತ್ತನಾಲ್ಕನೆಯ ಸ್ಟಾಂಪು ಈ ವರ್ಷ ಖಾಲಿಯೇ ಅಚ್ಚಾಗುತ್ತದೆ.

ಇದನ್ನು ಒಪ್ಪದೆ ಜಗಳವಾಡಬೇಕು ಅನ್ನಿಸಿತು. ಏನೆಂದು ಜಗಳವಾಡುವುದು? ನಮ್ಮ ಮನೆಗೆ ಲಾಂಛನವಿಲ್ಲ ಎಂದೇ? ಇವರು ಎದ್ದು ನಿಂತರು. ಮುಖದಲ್ಲಿ ಏನೂ ತೋರಿಸಲಿಲ್ಲ, ಇಪ್ಪತ್ತಾರು ವರ್ಷ ಕೆಲಸದಲ್ಲಿ ಕಲಿತದ್ದು ಅದನ್ನೇ. "ಇನ್ನೊಂದ್ ಲೋಟ ಕಾಫಿ ಮಾಡ್ತೆ," ಎಂದು ಒಳಗೆ ಹೋದರು. ಇವರ ಬೆನ್ನು ನೋಡಿ ನನಗೆ ಅಳು ಬಂತು. ದೇಶದ ಪ್ರತಿಯೊಂದು ಅಡುಗೆಮನೆಯಲ್ಲೂ ಒಬ್ಬರಾದರೂ ಸೀಸೆ ತೆರೆದು ಆ ಹೆಸರನ್ನು ಬಾಯಿಬಿಟ್ಟು ಓದುತ್ತಾರೆಂದು ಎಂಟು ತಿಂಗಳು ಕಾದ ಮನುಷ್ಯ.

ಮಿಸ್ಟರ್ ಕ್ರಾಂಪ್ಟನ್‌ಗೂ ಕಸಿವಿಸಿಯಾಗಿರಬೇಕು. ಚೀಲದಿಂದ ಒಂದು ಹಳೆಯ ದಪ್ಪ ಪುಸ್ತಕ ತೆಗೆದರು. ಇದು ಕಂಪನಿಯದಲ್ಲ, ನನ್ನದು ಎಂದರು. ನಲವತ್ತು ವರ್ಷದಿಂದ ಚರ್ಚಿನ ಗೋಡೆ, ಗೋರಿಕಲ್ಲು, ಹಳೆಯ ಪಬ್ಬಿನ ಬಾಗಿಲು, ಎಲ್ಲೆಲ್ಲಿ ಯಾವ ಲಾಂಛನ ಕಂಡರೂ ಅದರಲ್ಲಿ ಬರೆದಿಡುತ್ತಾರಂತೆ. ಯಾರಿಗೂ ತೋರಿಸುವುದಿಲ್ಲವಂತೆ, ತೋರಿಸಿದರೂ ಯಾರೂ ನೋಡುವುದಿಲ್ಲವಂತೆ. ಹೊಸ ಪುಟ ಬಿಡಿಸಿ, ಒಂದು ವೃತ್ತದೊಳಗೆ ಇನ್ನೊಂದು ವೃತ್ತ ಬರೆದು, ಕೆಳಗೆ ಪೆನ್ನು ಹಿಡಿದು ನನ್ನ ಕಡೆ ನೋಡಿದರು.

"ಯಾರ ಲಾಂಛನ? ತನ್ನದು ಎಂದು ಯಾರೂ ತಾವೇ ಹೇಳಿಕೊಳ್ಳುವಂತಿಲ್ಲ. ಮನೆಯ ಇನ್ನೊಬ್ಬರು ಹೇಳಬೇಕು. ಪೂರ್ತಿ ಹೆಸರು, ದಯವಿಟ್ಟು."

"ಬರೆದು ಕೊಡಲಾ?" ಎಂದೆ.

"ಇಲ್ಲ ಮೇಡಮ್. ನಾನು ಕಿವಿಯಿಂದ ಕೇಳಿಯೇ ಬರೆಯುವುದು. ಅದು ಹಳೆಯ ಪದ್ಧತಿ."

ಸಮೀಕ್ಷಾ ಥಟ್ಟನೆ ಎದ್ದಳು. "ಐ ವಿಲ್ ಸೇ ಇಟ್. ಅಮ್ಮ ಡಸಂಟ್."

ಅವಳಿಗೆ ಗೊತ್ತು. ಚಿಕ್ಕಂದಿನಿಂದ ಅದು ಅವಳ ಕೆಲಸ. ಜಿಪಿ ರಿಸೆಪ್ಷನ್ನಿನಲ್ಲಿ ಕೇಳಿದರೆ ಅವಳು ಹೇಳುತ್ತಿದ್ದಳು, ಫೋನಿನಲ್ಲಿ ಕೇಳಿದರೆ ಫೋನನ್ನು ಅವಳ ಕೈಗೆ ಕೊಡುತ್ತಿದ್ದೆ, ಅವಳಿಲ್ಲದಿದ್ದರೆ ಯಾವುದಾದರೂ ಲಕೋಟೆ ತೋರಿಸುತ್ತಿದ್ದೆ. ದೇವಸ್ಥಾನದಲ್ಲಿ ಅರ್ಚನೆಗೆ ಕೂಡ ಚೀಟಿ ಬರೆದು ಕೊಡುತ್ತಿದ್ದೆ. ಇಲ್ಲಿ ಬರೆಯುವುದು ಬೇರೆ, ಬಾಯಲ್ಲಿ ಹೇಳುವುದು ಬೇರೆ. ನಮ್ಮಮ್ಮ ಹೇಳಿದವಳಲ್ಲ, ಅಜ್ಜಿ ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವಳು ನಾನು. ನಂಬುತ್ತೇನೋ ಇಲ್ಲವೋ ಎಂದು ಯಾವತ್ತೂ ಯೋಚಿಸಿರಲಿಲ್ಲ, ನಾಲಿಗೆಯೇ ಏಳುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಗಂಡನ ಮನೆ ಹೊಕ್ಕ ದಿನ, ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅಂದಾಗ ಒಂದು ಸಲ ಹೇಳಿದ್ದೆ. ಅದೂ ಯಾರಿಗೂ ಕೇಳಿಸದ ಹಾಗೆ. ಆಮೇಲೆ ಇವತ್ತಿನ ತನಕ ಇಲ್ಲ.

ಬ್ಯಾಡ್ಜ್ ಒತ್ತಿಕೊಟ್ಟ ಸೂಪರ್‌ವೈಸರನ್ನು ನಾನು ಎಷ್ಟು ಸಲ ಶಪಿಸಿದ್ದೆನೋ ಲೆಕ್ಕವಿಲ್ಲ. ಅವನು ಕೆಲಸದ ಜಾಗದಲ್ಲಿ ಹೇಳಲಿಲ್ಲ. ಮನೆಯಲ್ಲಿ ಹೇಳದೆ ಇದ್ದವಳು ಯಾರು?

"ನೀನು ಕೂತ್ಕೋ," ಅಂದೆ ಮಗಳಿಗೆ.

ಕೈ ತಾನಾಗಿ ತಾಳಿಯ ಮೇಲೆ ಹೋಯಿತು. ಮಿಸ್ಟರ್ ಕ್ರಾಂಪ್ಟನ್ ಕಿವಿಯನ್ನು ಸ್ವಲ್ಪ ಮುಂದೆ ತಂದರು. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬಂದಾಗ ಅದು ಮನೆಯೆಲ್ಲ ಕೇಳಿಸುವಷ್ಟು ಜೋರಾಗಿ ಬಂತು.

"ಆನಂದತೀರ್ಥ."

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಆಮೇಲೆ ಒಳಗಿನಿಂದ ನಮ್ಮನೆಯವರು, ಅಂಗಳದಲ್ಲಿ ಆಡುವ ಹುಡುಗನನ್ನು ಅಮ್ಮ ಕರೆದಾಗ ಅವನು ಕೂಗುವ ಹಾಗೆ, "ಓ" ಅಂದರು.